ರೈಫಲ್ ಬ್ರಾಸ್ ತಪಾಸಣೆ: ಕೆಟ್ಟ ಕೇಸ್‌ಗಳನ್ನು ಹ್ಯಾಂಡ್‌ಲೋಡಿಂಗ್‌ಗೆ ಮೊದಲೇ ಹಿಡಿಯುವ ಸಮಗ್ರ ಮಾರ್ಗದರ್ಶಿ

ಹ್ಯಾಂಡ್‌ಲೋಡಿಂಗ್ ಅಥವಾ ರೀಲೋಡಿಂಗ್ ಅಂದರೆ ಹಾರಿಸಿದ ತೋಟಾದ ಹಿತ್ತಾಳೆ ಕವಚಕ್ಕೆ ಹೊಸ ಪ್ರೈಮರ್ (ಪೌಡರ್‌ಗೆ ಕಿಡಿ ಕೊಡುವ ಸಣ್ಣ ಬಟ್ಟಲು), ಪೌಡರ್, ಬುಲೆಟ್ ಹಾಕಿ ಮತ್ತೆ ತೋಟಾ ಮಾಡುವುದು. ಆ ಕವಚವೇ ಕೇಸ್ ಅಥವಾ ಬ್ರಾಸ್. ಇದನ್ನು ಶುರು ಮಾಡಿದವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಇವೇ. "ಕೇಸಿನ ತಳದ ಹತ್ತಿರ ಹೊಳೆಯುವ ಗೆರೆ ಕಾಣ್ತಿದೆ, ಎಸೀಬೇಕಾ?" "ಹಳೆ ಪ್ರೈಮರ್ ತಳ್ಳುವ ಡೀಕ್ಯಾಪಿಂಗ್ ಪಿನ್ ಮುರೀತು, ಡೈ ಸರಿ ಇಲ್ವಾ?" "ಗೇಜ್‌ನಲ್ಲಿ ಸರಿಯಾಗಿ ಕೂತ ಕೇಸ್ ರೈಫಲ್‌ನಲ್ಲಿ ಯಾಕೆ ಸಿಕ್ಕಿಕೊಳ್ತು?" ಕೇಳುವವರ ಹತ್ತಿರ ಒಳ್ಳೆಯ ಸಲಕರಣೆಗಳೇ ಇರುತ್ತವೆ. ತಪ್ಪಿರುವುದು ಕೆಲಸದ ಕ್ರಮ. ರೇಂಜ್‌ನಿಂದ ಬಂದ ಕೂಡಲೇ ಬ್ರಾಸನ್ನೆಲ್ಲ ಟಂಬ್ಲರ್‌ಗೆ (ಉರುಳಿಸಿ ಹೊಳಪು ಕೊಡುವ ಯಂತ್ರ) ಸುರಿಯುತ್ತಾರೆ, ಆಮೇಲೆ ಸೈಜ್ ಮಾಡುತ್ತಾರೆ (ಹಿಗ್ಗಿದ ಕೇಸನ್ನು ಡೈ ಅನ್ನುವ ಅಚ್ಚಿಗೆ ತಳ್ಳಿ ಮತ್ತೆ ಅಳತೆಗೆ ತರುವುದು), ಕೊನೆಗೆ ಕಣ್ಣಾಡಿಸುತ್ತಾರೆ. ಅಷ್ಟು ಹೊತ್ತಿಗೆ ಮಸಿ, ಕಲೆ, ಹೊಳಪಿನ ವ್ಯತ್ಯಾಸ ಎಲ್ಲವೂ ಅಳಿಸಿಹೋಗಿರುತ್ತದೆ. ದೋಷ ಹಾಗೇ ಇರುತ್ತದೆ, ಸುಳಿವು ಮಾತ್ರ ಹೋಗಿರುತ್ತದೆ.

ಇದು ಅಮೆರಿಕದಲ್ಲಿ ರೈಫಲ್ ಶೂಟಿಂಗ್ ಮಾಡುವ ಕನ್ನಡಿಗರಿಗಾಗಿ ಬರೆದದ್ದು. ಅಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಡ, ಮಾರುವುದಾದರೆ ಬೇಕು. ನಿಮ್ಮ ರಾಜ್ಯದ ನಿಯಮ ಬೇರೆ ಇರಬಹುದು, ನೋಡಿಕೊಳ್ಳಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೇ ಪ್ರತ್ಯೇಕ ಲೈಸೆನ್ಸ್ ಬೇಕು. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ. ಹಾಗಾಗಿ ಊರಿಗೆ ಹೋದಾಗ ಇದನ್ನು ಪ್ರಯೋಗಿಸಲು ಹೋಗಬೇಡಿ.

ಪೌಡರ್ ಎಷ್ಟು ಹಾಕಬೇಕು ಅನ್ನುವುದು ಇಲ್ಲಿಲ್ಲ. ಅದಕ್ಕೆ ಪೌಡರ್ ಮತ್ತು ಬುಲೆಟ್ ಕಂಪನಿಗಳು ಪ್ರಕಟಿಸಿದ ಮ್ಯಾನ್ಯುಯಲ್ ಇದೆ. ಇಲ್ಲಿರುವುದು ಬರೀ ಬ್ರಾಸಿನ ವಿಷಯ. ಅದೂ .223 ರೆಮಿಂಗ್ಟನ್, 6.5 ಕ್ರೀಡ್‌ಮೂರ್, .308 ವಿಂಚೆಸ್ಟರ್, .30-06 ತರಹದ, ಭುಜ ಇರುವ, ಅಂದರೆ ಅಗಲ ಮೈ ಇಳಿಜಾರಾಗಿ ಕಿರಿದಾದ ಕುತ್ತಿಗೆಗೆ ಸೇರುವ ಕೇಸ್‌ಗಳದ್ದು.

## ಹಂತ 1: ಸಲಕರಣೆ ಜೋಡಿಸಿಕೊಳ್ಳಿ

ಮುಖ್ಯವಾಗಿ ಬೇಕಾದದ್ದು 0.001 ಇಂಚು ತೋರಿಸುವ ಕ್ಯಾಲಿಪರ್, ಭುಜದ ಅಳತೆ ತೆಗೆಯುವ ಹೆಡ್‌ಸ್ಪೇಸ್ ಕಂಪ್ಯಾರೇಟರ್, ಪ್ರೈಮರ್ ಪಾಕೆಟ್‌ನ (ತಳದಲ್ಲಿ ಪ್ರೈಮರ್ ಕೂರುವ ಗುಂಡಿ) ಗೋ/ನೋ-ಗೋ ಗೇಜ್, ಒಂದು ಆಯಸ್ಕಾಂತ, ಒಳ್ಳೆಯ ಟಾರ್ಚ್, ಭೂತಗನ್ನಡಿ, ಮತ್ತೆ ಒಂದು ಪೇಪರ್ ಕ್ಲಿಪ್. ಈ ಪಟ್ಟಿಯಲ್ಲಿ ಅತಿ ಅಗ್ಗದ್ದು ಪೇಪರ್ ಕ್ಲಿಪ್. ನಿಮ್ಮನ್ನು ಹೆಚ್ಚು ಸಲ ಕಾಪಾಡುವುದೂ ಅದೇ.

ಗುರಿಯ ನಿಖರತೆಗಾಗಿ ಕುತ್ತಿಗೆಯ ದಪ್ಪ ಅಳೆಯುವವರಿಗೆ ಟ್ಯೂಬ್ ಮೈಕ್ರೊಮೀಟರ್ ಬೇಕು. ಕ್ಯಾಲಿಪರ್‌ನ ಚಪ್ಪಟೆ ದವಡೆ ಒಳಗಿನ ಬಾಗಿದ ಗೋಡೆಗೆ ಸರಿಯಾಗಿ ಕೂರುವುದಿಲ್ಲ, ತಪ್ಪು ಅಳತೆ ಕೊಡುತ್ತದೆ.

ಕನ್ನಡಕ ಮತ್ತು ಕೈಗವಸು ಹಾಕಿಕೊಳ್ಳಿ. ಉರಿದ ಪ್ರೈಮರ್‌ನ ಮಸಿಯಲ್ಲಿ ಸೀಸ ಇರುತ್ತದೆ. ಅಡುಗೆಮನೆಯ ಸಿಂಕ್‌ನಲ್ಲಿ ಬ್ರಾಸ್ ತೊಳೆಯಬೇಡಿ. ಕೆಲಸ ಮಾಡುವಾಗ ಕಾಫಿ ಲೋಟ ಪಕ್ಕದಲ್ಲಿ ಬೇಡ. ಒಣ ಟಂಬ್ಲರ್ ಆದರೆ ಅದರ ಧೂಳೂ ಅಷ್ಟೇ ಕೆಟ್ಟದ್ದು, ಮಕ್ಕಳು ಓಡಾಡುವ ಜಾಗದಲ್ಲಿ ಜರಡಿ ಹಿಡಿಯಬೇಡಿ.

## ಹಂತ 2: ತೊಳೆಯದೆ ವಿಂಗಡಿಸಿ

ಮೊದಲು ಆಯಸ್ಕಾಂತ ಆಡಿಸಿ. ಅಂಟಿಕೊಂಡದ್ದು ಉಕ್ಕಿನ ಕೇಸ್. ಮೇಲೆ ಹಿತ್ತಾಳೆ ಬಣ್ಣದ ಲೇಪ ಇದ್ದರೂ ಅದು ರೀಲೋಡ್‌ಗೆ ಬೇಡ. ಅಲ್ಯೂಮಿನಿಯಂ ಕೇಸ್ ಅಂಟುವುದಿಲ್ಲ, ಆದರೆ ಹಗುರ. ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ. ನಿಕಲ್ ಲೇಪನದ ಬೆಳ್ಳಿಬಣ್ಣದ ಕೇಸ್ ಒಳಗೆ ಹಿತ್ತಾಳೆಯೇ, ಬಳಸಬಹುದು. ಆದರೆ ಲೇಪ ಸುಲಿಯುತ್ತಿದ್ದರೆ ಡೈಗೆ ಗೀರು ಬೀಳುತ್ತದೆ.

ರೇಂಜ್‌ನಲ್ಲಿ ಆಯ್ದು ತಂದ ರಾಶಿಯಲ್ಲಿ ಸಿಡಿಯದ ತೋಟಾ ಕೂಡ ಬಂದಿರಬಹುದು. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡಿ, ರಾಶಿಗಟ್ಟಲೆ ಸುರಿಯಬೇಡಿ.

ಆಮೇಲೆ ಟಾರ್ಚ್ ಹಿಡಿದು ಬಾಯಿಯೊಳಗೆ ಇಣುಕಿ. ತಳದ ನಡುವೆ ಒಂದೇ ತೂತಿದ್ದರೆ ಬಾಕ್ಸರ್ ಪ್ರೈಮರ್‌ನ ಕೇಸ್, ಇಟ್ಟುಕೊಳ್ಳಿ. ಪಕ್ಕಪಕ್ಕ ಎರಡು ಸಣ್ಣ ತೂತಿದ್ದರೆ ಅದು ಬರ್ಡಾನ್. ಪಿನ್ ಮುರಿಯುವ ಮುಖ್ಯ ಕಾರಣ ಇದೇ. ಪಿನ್ ತೂತಿಗೆ ಹೋಗದೆ ನಡುವಿನ ಗಟ್ಟಿ ಹಿತ್ತಾಳೆಗೆ ಗುದ್ದುತ್ತದೆ. ಡೈಯನ್ನು ಬೈಯುವ ಮೊದಲು ಕೇಸಿನೊಳಗೆ ನೋಡಿ.

ಇನ್ನೊಂದು ಕಾರಣ ಅಷ್ಟು ಬೇಗ ಹೊಳೆಯುವುದಿಲ್ಲ. ಮಾಮೂಲಿ ಫ್ಲ್ಯಾಶ್ ಹೋಲ್ (ಪ್ರೈಮರ್‌ನ ಕಿಡಿ ಒಳಗೆ ಹೋಗುವ ಆ ತೂತು) ಸುಮಾರು 0.080 ಇಂಚು ಇರುತ್ತದೆ. ಸಣ್ಣ ಪ್ರೈಮರ್ ಹಾಕುವ ಕೆಲವು 6.5 ಕ್ರೀಡ್‌ಮೂರ್ ಕೇಸ್‌ಗಳಲ್ಲಿ ಅದು 1.5 ಮಿಲಿಮೀಟರ್, ಅಂದರೆ 0.059 ಇಂಚು ಮಾತ್ರ. ಮಾಮೂಲಿ ಪಿನ್ ಅದರಲ್ಲಿ ಸಿಕ್ಕಿ ಬಾಗುತ್ತದೆ. ಅದು ಬ್ರಾಸಿನ ದೋಷ ಅಲ್ಲ. ತೆಳು ಪಿನ್ ಹಾಕಿಕೊಳ್ಳಿ, ತೂತನ್ನು ಕೊರೆದು ದೊಡ್ಡದು ಮಾಡಬೇಡಿ.

ಕೊನೆಗೆ ಹೆಡ್‌ಸ್ಟಾಂಪ್ (ತಳದ ಮೇಲೆ ಒತ್ತಿದ ಅಕ್ಷರ, ಗುರುತು) ನೋಡಿ ಗುಂಪು ಮಾಡಿ. ವೃತ್ತದೊಳಗೆ ಕೂಡುವ ಚಿಹ್ನೆ ಇದ್ದರೆ ಅದು ನ್ಯಾಟೋ ಗುಣಮಟ್ಟದ ಮಿಲಿಟರಿ ಬ್ರಾಸ್. 7.62 ಮಿಲಿಟರಿ ಕೇಸ್‌ಗಳ ಗೋಡೆ ವಾಣಿಜ್ಯ .308 ಕೇಸಿಗಿಂತ ಸಾಮಾನ್ಯವಾಗಿ ದಪ್ಪ. ಹೊರಗಿನ ಅಳತೆ ಒಂದೇ, ಒಳಗಿನ ಜಾಗ ಕಮ್ಮಿ. ಅಷ್ಟೇ ಪೌಡರ್ ಹಾಕಿದರೆ ಒತ್ತಡ ಜಾಸ್ತಿ ಆಗುತ್ತದೆ. ಎರಡನ್ನೂ ಬೆರೆಸಬೇಡಿ. ಬ್ರಾಸ್ ಬದಲಾಯಿಸಿದಾಗ ಮ್ಯಾನ್ಯುಯಲ್‌ನ ಆರಂಭದ ಪ್ರಮಾಣಕ್ಕೆ ಇಳಿದು ಮತ್ತೆ ಶುರು ಮಾಡಿ.

## ಹಂತ 3: ಮಸಿ ಇರುವಾಗಲೇ ಕಣ್ಣಿನ ಪರೀಕ್ಷೆ

ಕಿಟಕಿಯ ಬೆಳಕಿನಲ್ಲೋ ಟಾರ್ಚ್ ಬೆಳಕಿನಲ್ಲೋ ಕೇಸನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ. ಬಾಯಿಂದ ಶುರು ಮಾಡಿ ತಳದ ಕಡೆಗೆ ಬನ್ನಿ.

ಕುತ್ತಿಗೆಯಲ್ಲಿ ಉದ್ದಕ್ಕೆ ಸೀಳು ಇದ್ದರೆ ಆ ಕೇಸ್ ಮುಗಿಯಿತು. ಕೂದಲೆಳೆಯಷ್ಟು ಸೀಳಿನಿಂದಲೂ ಮಸಿ ಹೊರಬಂದು ಕಪ್ಪು ಗೆರೆ ಬಿಟ್ಟಿರುತ್ತದೆ. ತೊಳೆದ ಮೇಲೆ ಆ ಗೆರೆ ಇರುವುದಿಲ್ಲ. ಭುಜದಲ್ಲಿ, ಮೈಯಲ್ಲಿ ಸೀಳಿದ್ದರೂ ಎಸೆಯಿರಿ. ಆದರೆ ಕುತ್ತಿಗೆಯ ಸುತ್ತ ಒಂದೇ ಸಮನಾಗಿ ಹಬ್ಬಿದ ಮಸಿ ಸೀಳಿನ ಗುರುತಲ್ಲ. ಕುತ್ತಿಗೆ ಗಡುಸಾಗಿ ಚೇಂಬರ್ (ರೈಫಲ್‌ನಲ್ಲಿ ತೋಟಾ ಕೂರುವ ಜಾಗ) ಗೋಡೆಗೆ ಸರಿಯಾಗಿ ಒತ್ತಿಕೊಳ್ಳದಿದ್ದಾಗ, ಇಲ್ಲವೇ ಒತ್ತಡ ಕಮ್ಮಿ ಇದ್ದಾಗ ಹೀಗಾಗುತ್ತದೆ. ಅದಕ್ಕೆ ಹಂತ 7 ನೋಡಿ.

ಪ್ರೈಮರ್ ಸುತ್ತ ಕಪ್ಪು ಉಂಗುರ ಇದೆಯಾ? ಪಾಕೆಟ್ ಸಡಿಲ ಆಗಿ ಅನಿಲ ಸೋರಿದೆ ಅಂತ ಅರ್ಥ. ತಳದಲ್ಲಿ ಎಜೆಕ್ಟರ್‌ನ (ಕೇಸನ್ನು ಹೊರಗೆ ತಳ್ಳುವ ಭಾಗ) ಅಚ್ಚು ಹೊಳೆಯುತ್ತಿದ್ದರೆ, ಆ ಸಲ ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಎತ್ತಲು ಬಿಗಿ ಅನಿಸಿದ್ದರೆ, ಒತ್ತಡ ಮಿತಿ ಮೀರಿದೆ. ಅಲ್ಲಿ ಬ್ರಾಸನ್ನು ದೂರಬೇಡಿ, ಲೋಡ್ ಇಳಿಸಿ.

ಗುಲಾಬಿ ಅಥವಾ ತಾಮ್ರದ ಬಣ್ಣದ ಕಲೆಗೆ ಸ್ವಲ್ಪ ವಿವರಣೆ ಬೇಕು. ಕಾರ್ಟ್ರಿಜ್ ಬ್ರಾಸ್ ಅಂದರೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಆಮ್ಲದಲ್ಲಿ ಜಾಸ್ತಿ ಹೊತ್ತು ನೆನೆಸಿದರೆ ಮೇಲ್ಮೈಯ ಸತು ಹೋಗಿ ತಾಮ್ರ ಕಾಣುತ್ತದೆ. ಸಿಟ್ರಿಕ್ ಆಮ್ಲದ ನೀರಿನಲ್ಲಿ ಮರೆತುಬಿಟ್ಟು ಬಂದ ತೆಳು ಗುಲಾಬಿ ಛಾಯೆ ಬರೀ ಮೇಲಿನದ್ದು. ಗುಳಿ ಬಿದ್ದ ಗುಲಾಬಿ ಚುಕ್ಕೆಗಳು, ಹಸಿರು ಪುಡಿ ಜತೆ ಬಂದದ್ದು, ಕೊರೆತದ ಗುರುತು. ಅಂಥದ್ದು ಬೇಡ.

ಅಮೋನಿಯಾ ಇರುವ ಲೋಹದ ಪಾಲಿಶ್ ಬಳಸಲೇಬೇಡಿ. ಎಳೆತದಲ್ಲಿರುವ ಹಿತ್ತಾಳೆಗೆ ಅಮೋನಿಯಾ ತಾಗಿದರೆ ತಾನಾಗಿ ಬಿರುಕು ಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲೇ, ಮಳೆಗಾಲಕ್ಕೆ ಕುದುರೆಲಾಯದಲ್ಲಿ ಇಟ್ಟಿದ್ದ ಸೇನೆಯ ತೋಟಾಗಳು ಕುದುರೆ ಗಂಜಲದ ಅಮೋನಿಯಾಕ್ಕೆ ಹೀಗೇ ಬಿರಿಯುತ್ತಿದ್ದವು.

ಹೆದರಬೇಕಾಗಿಲ್ಲದ ಗುರುತುಗಳೂ ಇವೆ. ಸೆಮಿ-ಆಟೋ ರೈಫಲ್ ಹೊರಗೆಸೆದಾಗ ಬೀಳುವ ಸಣ್ಣ ತಗ್ಗು, ಭುಜದ ಮೇಲೆ ಲ್ಯೂಬ್ (ಸೈಜ್ ಮಾಡುವಾಗ ಹಚ್ಚುವ ಜಿಡ್ಡು) ಜಾಸ್ತಿಯಾಗಿ ಬಿದ್ದ ಮೆದು ತಗ್ಗು, ಹೊಸ ಬ್ರಾಸಿನ ಕುತ್ತಿಗೆಯ ನೀಲಿ-ಕಂದು ಬಣ್ಣ, ಇವೆಲ್ಲ ಪರವಾಗಿಲ್ಲ. ಆ ಬಣ್ಣ ಕಾರ್ಖಾನೆಯಲ್ಲಿ ಅನೀಲ್ ಮಾಡಿದ, ಅಂದರೆ ಬಿಸಿ ಮಾಡಿ ಮೆದುಗೊಳಿಸಿದ ಗುರುತು. ಅದನ್ನು ಸುಟ್ಟ ಬ್ರಾಸ್ ಅಂದುಕೊಂಡು ವಾಪಸ್ ಕಳಿಸುವವರೂ ಇದ್ದಾರೆ. ಚೂಪಾದ ಮಡಿಕೆಯಂಥ ತಗ್ಗು ಮಾತ್ರ ಇಟ್ಟುಕೊಳ್ಳಬೇಡಿ.

## ಹಂತ 4: ತಳದ ಬಿರುಕು, ಪೇಪರ್ ಕ್ಲಿಪ್ ಪರೀಕ್ಷೆ

ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಹಂತ ಇದು. ಗುಂಡು ಹಾರಿದಾಗ ಕೇಸಿನ ಮುಂಭಾಗ ಚೇಂಬರ್‌ಗೆ ಅಂಟಿಕೊಳ್ಳುತ್ತದೆ. ದಪ್ಪ ತಳ ಹಿಂದಕ್ಕೆ ಬೋಲ್ಟ್ ಕಡೆ ಸರಿಯುತ್ತದೆ. ಇವೆರಡರ ನಡುವಿನ ಗೋಡೆ ಪ್ರತಿ ಸಲ ಸ್ವಲ್ಪ ಹಿಗ್ಗಿ ತೆಳ್ಳಗಾಗುತ್ತದೆ. ಒಂದು ದಿನ ಅಲ್ಲೇ ಸುತ್ತಲೂ ಕತ್ತರಿಸಿಕೊಂಡು ತಳ ಮಾತ್ರ ಹೊರಬರುತ್ತದೆ, ಉಳಿದ ಕೊಳವೆ ಚೇಂಬರ್‌ನಲ್ಲೇ ಉಳಿಯುತ್ತದೆ. ಅದೃಷ್ಟ ಇದ್ದರೆ ಅಷ್ಟೇ. ಇಲ್ಲದಿದ್ದರೆ ಬಿಸಿ ಅನಿಲ ಹಿಂದಕ್ಕೆ, ನಿಮ್ಮ ಮುಖದ ಕಡೆ ಬರುತ್ತದೆ.

ಹೊರಗೆ ಕಾಣುವ ಸುಳಿವು ತಳದಿಂದ ಸುಮಾರು ಕಾಲು ಇಂಚಿನಿಂದ ಅರ್ಧ ಇಂಚಿನೊಳಗೆ, ಮೈಯ ಸುತ್ತ ಬರುವ ತೆಳು ಹೊಳೆಯುವ ಗೆರೆ. ಗೊಂದಲ ಶುರುವಾಗುವುದೂ ಇಲ್ಲೇ. ಸೈಜಿಂಗ್ ಡೈ ಕೆಳಗೆ ಎಲ್ಲಿಗೆ ನಿಲ್ಲುತ್ತದೋ ಅಲ್ಲೂ ಒಂದು ಹೊಳೆಯುವ ಗಡಿ ಬೀಳುತ್ತದೆ. ಅದು ಇನ್ನೂ ತಳದ ಹತ್ತಿರ ಇರುತ್ತದೆ, ಅದರ ಮೇಲಿನ ಭಾಗ ಪೂರ್ತಿ ಉಜ್ಜಿದ ಹಾಗೆ ಕಾಣುತ್ತದೆ. ಹಿಗ್ಗಿದ ಗೆರೆ ಹಾಗಲ್ಲ, ಮೇಲೂ ಕೆಳಗೂ ಮಂಕು, ನಡುವೆ ಮಾತ್ರ ಹೊಳಪು. ಸೈಜ್ ಮಾಡುವ ಮೊದಲೇ ನೋಡಿ ಅಂತ ಹಠ ಹಿಡಿಯುವುದು ಇದಕ್ಕೇ. ಆಗ ಡೈಯ ಗೆರೆ ಇನ್ನೂ ಬಿದ್ದಿರುವುದಿಲ್ಲ.

ಕಣ್ಣು ಏನೇ ಹೇಳಲಿ, ಪೇಪರ್ ಕ್ಲಿಪ್ ಹಾಕಿ ಖಚಿತ ಮಾಡಿಕೊಳ್ಳಿ.

1. ಕ್ಲಿಪ್ ನೇರ ಮಾಡಿ, ತುದಿಯ ಒಂದು ಎಂಟನೇ ಇಂಚನ್ನು ಲಂಬಕೋನಕ್ಕೆ ಬಾಗಿಸಿ. ತುದಿಯನ್ನು ಅರದಿಂದ ಚೂಪು ಮಾಡಿ.
2. ಕೇಸಿನ ಒಳಗೆ ತಳ ಮುಟ್ಟುವವರೆಗೆ ಇಳಿಸಿ.
3. ಚೂಪು ತುದಿಯನ್ನು ಗೋಡೆಗೆ ಒತ್ತಿ ಹಿಡಿದು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಕೇಸ್ ತಿರುಗಿಸಿ ನಾಲ್ಕೂ ಕಡೆ ಹೀಗೇ ಮಾಡಿ.
4. ತುದಿ ಒಂದು ತಗ್ಗಿಗೆ ಬಿದ್ದು ತಡೆದರೆ ಅಲ್ಲಿ ಗೋಡೆ ತೆಳ್ಳಗಾಗಿದೆ. ಕೇಸ್ ಎಸೆಯಿರಿ.

ದಪ್ಪ ತಳದಿಂದ ತೆಳು ಗೋಡೆಗೆ ಇಳಿಯುವ ಜಾಗದಲ್ಲಿ ಸಹಜವಾಗಿ ಒಂದು ಇಳಿಜಾರು ಸಿಗುತ್ತದೆ. ಅದು ತಡೆಯುವುದಿಲ್ಲ, ಜಾರುತ್ತದೆ. ಈ ವ್ಯತ್ಯಾಸ ಕೈಗೆ ಹತ್ತಲು ಒಂದು ಹೊಸ ಕೇಸಿನಲ್ಲಿ ಮೊದಲು ಎಳೆದು ನೋಡಿ. ಅನುಮಾನ ಉಳಿದರೆ ಅದೇ ಗುಂಪಿನ ಒಂದು ಕೇಸನ್ನು ಉದ್ದಕ್ಕೆ ಗರಗಸದಿಂದ ಸೀಳಿ. ಒಳಗಿನ ತೋಡು ಕಣ್ಣಿಗೇ ಕಾಣುತ್ತದೆ. ಒಂದರಲ್ಲಿ ಸಿಕ್ಕರೆ, ಅಷ್ಟೇ ಸಲ ಹಾರಿಸಿದ ಆ ಗುಂಪನ್ನೆಲ್ಲ ಎಸೆಯುವುದು ಒಳ್ಳೆಯದು.

ಎಷ್ಟು ಸಲ ಹಾರಿಸಿದ ಮೇಲೆ ಹೀಗಾಗುತ್ತದೆ? ಲೆಕ್ಕ ಇಲ್ಲ. ಭುಜವನ್ನು ಅಗತ್ಯಕ್ಕಿಂತ ಹಿಂದಕ್ಕೆ ತಳ್ಳುವವರ ಬ್ರಾಸ್ ಕೆಲವೇ ಸಲಕ್ಕೆ ಹಾಳಾಗುತ್ತದೆ. ಅದರ ಮದ್ದು ಹಂತ 6ರಲ್ಲಿ ಇದೆ.

## ಹಂತ 5: ಪ್ರೈಮರ್ ತೆಗೆದು ಪಾಕೆಟ್ ನೋಡಿ

ಬರೀ ಪ್ರೈಮರ್ ತೆಗೆಯುವ ಯುನಿವರ್ಸಲ್ ಡೀಕ್ಯಾಪಿಂಗ್ ಡೈ ಬಳಸಿ. ಇದು ಕೇಸನ್ನು ಸೈಜ್ ಮಾಡುವುದಿಲ್ಲ. ಪ್ರೈಮರ್ ಸರ್ರನೆ ಜಾರಿ ಬಿದ್ದರೆ ಆ ಕೇಸನ್ನು ಪಕ್ಕಕ್ಕಿಡಿ.

ಈಗ ತೊಳೆಯಬಹುದು. ಉಕ್ಕಿನ ಪಿನ್ ಹಾಕಿ ನೀರಿನಲ್ಲಿ ಟಂಬಲ್ ಮಾಡಿದ್ದರೆ ಪ್ರತಿ ಕೇಸ್ ಪೂರ್ತಿ ಒಣಗಿದೆಯಾ, ಒಳಗೆ ಪಿನ್ ಉಳಿದಿಲ್ಲವಾ, ಫ್ಲ್ಯಾಶ್ ಹೋಲ್ ಖಾಲಿ ಇದೆಯಾ ಅಂತ ನೋಡಿ.

ಪಾಕೆಟ್‌ಗೆ ಗೇಜ್ ಹಾಕಿ. ಗೋ ಕಡೆ ಹೋಗಬೇಕು, ನೋ-ಗೋ ಕಡೆ ಹೋಗಬಾರದು. ನೋ-ಗೋ ಒಳಗೆ ಇಳಿದರೆ ಆ ಕೇಸ್ ಬೇಡ. ಪಂಚ್‌ನಿಂದ ತಟ್ಟಿ ಪಾಕೆಟ್ ಬಿಗಿ ಮಾಡುವ ಉಪಾಯ ಹೇಳುವವರಿದ್ದಾರೆ. ಮಾಡಬೇಡಿ. ಪಾಕೆಟ್ ಸಡಿಲ ಆಗಿದ್ದು ತಳದ ಹಿತ್ತಾಳೆ ಶಾಶ್ವತವಾಗಿ ಹಿಗ್ಗಿದ್ದಕ್ಕೆ. ತಟ್ಟಿದರೆ ಅದು ಮತ್ತೆ ಗಟ್ಟಿಯಾಗುವುದಿಲ್ಲ. ಹೊಸ ಬ್ರಾಸಿನಲ್ಲಿ ಎರಡು ಮೂರು ಸಲಕ್ಕೇ ಪಾಕೆಟ್ ಸಡಿಲ ಆಗುತ್ತಿದ್ದರೆ ಎರಡೇ ಸಾಧ್ಯತೆ: ತಳ ಮೆದುವಾಗಿರುವ ಬ್ರಾಸ್, ಇಲ್ಲವೇ ಜಾಸ್ತಿಯಾದ ಲೋಡ್. ಮೊದಲು ಅನುಮಾನಿಸಬೇಕಾದ್ದು ಲೋಡನ್ನು.

ಗೋ ಕಡೆಯೂ ಹೋಗದಿದ್ದರೆ ಅದು ಮಿಲಿಟರಿ ಕ್ರಿಂಪ್ (ಪ್ರೈಮರ್ ಕಳಚದಂತೆ ಒತ್ತಿದ ಅಂಚು) ಇರಬೇಕು. ಪಾಕೆಟ್ ಅಂಚಿನಲ್ಲಿ ಸುತ್ತ ಒತ್ತಿದ ಗುರುತು ಕಾಣುತ್ತದೆ. ಸ್ವೇಜರ್‌ನಿಂದಲೋ (ಒತ್ತಿ ಸರಿಸುವ ಸಾಧನ) ರೀಮರ್‌ನಿಂದಲೋ (ಕೆರೆದು ತೆಗೆಯುವ ಸಾಧನ) ತೆಗೆಯಿರಿ. ಬಲ ಹಾಕಿ ಪ್ರೈಮರ್ ತುರುಕಬೇಡಿ. ಅದು ಸೊಟ್ಟಗಾಗುತ್ತದೆ, ಸಿಡಿಯಲೂಬಹುದು. ರೀಮರ್ ಜಾಸ್ತಿ ತಿರುಗಿಸಿದರೆ ಒಳ್ಳೆಯ ಪಾಕೆಟ್ಟೇ ಹಾಳಾಗುತ್ತದೆ. ಕ್ರಿಂಪ್ ಹೋದ ಕೂಡಲೇ ನಿಲ್ಲಿಸಿ.

ಫ್ಲ್ಯಾಶ್ ಹೋಲ್ ನಡುವಿನಲ್ಲಿ ಇಲ್ಲದಿದ್ದರೆ ಪಿನ್ ಬಾಗುತ್ತದೆ. ಅಚ್ಚು ಒತ್ತಿ ಮಾಡಿದ ತೂತಿನ ಒಳಬದಿಯಲ್ಲಿ ಚೂರು ಎದ್ದಿರುವುದು ಸಾಮಾನ್ಯ, ಡೀಬರಿಂಗ್ ಟೂಲ್ ಹಾಕಿ ಒಮ್ಮೆ ತೆಗೆದರೆ ಸಾಕು.

## ಹಂತ 6: ಭುಜ ಅಳೆದು ಸೈಜ್ ಮಾಡಿ

ಡೈ ಪೆಟ್ಟಿಗೆಯ ಚೀಟಿಯಲ್ಲಿ "ಶೆಲ್ ಹೋಲ್ಡರ್ (ಕೇಸಿನ ತಳ ಹಿಡಿಯುವ ಭಾಗ) ಮುಟ್ಟುವವರೆಗೆ ಡೈ ಇಳಿಸಿ, ಇನ್ನೂ ಸ್ವಲ್ಪ ತಿರುಗಿಸಿ" ಅಂತ ಬರೆದಿರುತ್ತದೆ. ಸುಮ್ನೆ ಹಾಗೇ ಮಾಡಿದರೆ ಎಷ್ಟೋ ಸಲ ಭುಜ ಜಾಸ್ತಿ ಹಿಂದೆ ಹೋಗುತ್ತದೆ.

ನಿಮ್ಮ ರೈಫಲ್‌ನಲ್ಲೇ ಹಾರಿಸಿದ, ಪ್ರೈಮರ್ ತೆಗೆದ ಐದಾರು ಕೇಸ್‌ಗಳನ್ನು ಕಂಪ್ಯಾರೇಟರ್‌ನಲ್ಲಿ ಅಳೆಯಿರಿ. ಪ್ರೈಮರ್ ಇದ್ದರೆ ಅದರ ಉಬ್ಬು ಅಳತೆ ಕೆಡಿಸುತ್ತದೆ. ಬೋಲ್ಟ್ ಆಕ್ಷನ್‌ಗೆ ಆ ಅಳತೆಗಿಂತ 0.001ರಿಂದ 0.002 ಇಂಚು, ಸೆಮಿ-ಆಟೋಗೆ 0.003ರಿಂದ 0.004 ಇಂಚು ಭುಜ ಹಿಂದೆ ಹೋದರೆ ಸಾಕು. ಡೈಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಾ ಅಳೆಯಿರಿ.

ಅಳತೆ ಒಂದರಿಂದ ಇನ್ನೊಂದಕ್ಕೆ ಕುಣಿಯುತ್ತಿದ್ದರೆ ಲ್ಯೂಬ್ ಒಂದೇ ಸಮ ಹಚ್ಚಿಲ್ಲ, ಇಲ್ಲವೇ ಬ್ರಾಸಿನ ಗಡುಸುತನ ಒಂದೇ ಸಮ ಇಲ್ಲ. ಬೇರೆ ಬೇರೆ ಸಲ ಹಾರಿಸಿದ ಕೇಸ್‌ಗಳು ಬೆರೆತರೆ ಹೀಗೇ.

ಗೇಜ್‌ನಲ್ಲಿ ಕೂತು ರೈಫಲ್‌ನಲ್ಲಿ ಕೂರದ ಕೇಸಿನ ಉತ್ತರವೂ ಇಲ್ಲಿದೆ. ಬಹಳಷ್ಟು ಕೇಸ್ ಗೇಜ್‌ಗಳು ಭುಜದ ಜಾಗ ಮತ್ತು ಒಟ್ಟು ಉದ್ದ ಮಾತ್ರ ಪರೀಕ್ಷಿಸುತ್ತವೆ. ಮೈಯ ದಪ್ಪವನ್ನು ಅಲ್ಲ. ಬೇರೆಯವರ ಅಗಲ ಚೇಂಬರ್‌ನಲ್ಲಿ ಹಾರಿದ ಕೇಸ್ ತಳದ ಸ್ವಲ್ಪ ಮೇಲೆ ಉಬ್ಬಿರುತ್ತದೆ, ಮಾಮೂಲಿ ಡೈ ಅಲ್ಲಿವರೆಗೆ ತಲುಪದೇ ಇರಬಹುದು. ತಳದ ಹತ್ತಿರ ಇನ್ನೂ ಬಿಗಿ ಮಾಡುವ ಸ್ಮಾಲ್ ಬೇಸ್ ಡೈ ಹಾಕಿ ನೋಡಿ. ಆಗಲೂ ಬಿಗಿ ಆದರೆ ಆ ಕೇಸ್ ನಿಮ್ಮ ರೈಫಲ್‌ಗಲ್ಲ.

## ಹಂತ 7: ಉದ್ದ, ಕುತ್ತಿಗೆ, ಅನೀಲಿಂಗ್

ಸೈಜ್ ಮಾಡಿದ ಮೇಲೆ ಉದ್ದ ಅಳೆಯಿರಿ, ಮೊದಲಲ್ಲ. ಸೈಜ್ ಮಾಡಿದಾಗ ಕುತ್ತಿಗೆ ಉದ್ದವಾಗುತ್ತದೆ. ಗರಿಷ್ಠ ಉದ್ದ .223ಕ್ಕೆ 1.760 ಇಂಚು, 6.5 ಕ್ರೀಡ್‌ಮೂರ್‌ಗೆ 1.920, .308ಕ್ಕೆ 2.015, .30-06ಕ್ಕೆ 2.494. ಟ್ರಿಮ್ ಮಾಡುವಾಗ ಇದಕ್ಕಿಂತ 0.010 ಇಂಚು ಕಮ್ಮಿಗೆ ತನ್ನಿ. ಉದ್ದ ಮೀರಿದ ಬಾಯಿ ಚೇಂಬರ್ ತುದಿಗೆ ಸಿಕ್ಕಿ ಬುಲೆಟನ್ನು ಹಿಡಿದುಕೊಳ್ಳುತ್ತದೆ, ಒತ್ತಡ ಅಪಾಯಕ್ಕೆ ಏರುತ್ತದೆ. ಟ್ರಿಮ್ ಆದ ಮೇಲೆ ಬಾಯಿಯ ಒಳಗೂ ಹೊರಗೂ ಅಂಚು ಮೆದು ಮಾಡಿ. ಚಾಕುವಿನ ಹಾಗೆ ಚೂಪು ಮಾಡಬೇಡಿ.

ಕುತ್ತಿಗೆಯ ಗೋಡೆ ಸುತ್ತಲೂ ಒಂದೇ ದಪ್ಪ ಇರುವುದು ಅಪರೂಪ. 0.001 ಇಂಚಿನೊಳಗಿನ ವ್ಯತ್ಯಾಸ ಒಳ್ಳೆಯ ಬ್ರಾಸ್. 0.002 ದಾಟಿದರೆ ದೂರದ ಗುರಿಗೆ ಬೇಡ, ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಇದು ನಿಖರತೆಯ ಪ್ರಶ್ನೆ, ಅಪಾಯದ್ದಲ್ಲ.

ಕುತ್ತಿಗೆ ಪದೇಪದೇ ಹಿಗ್ಗಿ ಕುಗ್ಗಿ ಗಡುಸಾಗುತ್ತದೆ, ತಂತಿಯನ್ನು ಹಿಂದೆ ಮುಂದೆ ಬಾಗಿಸಿದರೆ ಆಗುವ ಹಾಗೆ. ಸೀಳುವ ಮೊದಲೇ ಅನೀಲ್ ಮಾಡಿದರೆ ಮತ್ತೆ ಮೆದುವಾಗುತ್ತದೆ. ಸೈಜ್ ಮಾಡುವ ಮೊದಲು ಇದನ್ನು ಮಾಡಬೇಕು. ಅಂದರೆ ಹಂತ 5 ಆದ ಮೇಲೆ, ಹಂತ 6ಕ್ಕೆ ಮುಂಚೆ.

ಉರಿ ಬೀಳಬೇಕಾದ್ದು ಕುತ್ತಿಗೆ ಮತ್ತು ಭುಜಕ್ಕೆ ಮಾತ್ರ, ಅದೂ ಕೆಲವೇ ಸೆಕೆಂಡು. ಭುಜದ ಕೆಳಗೆ ಮೈಗೆ 450 ಡಿಗ್ರಿ ಫ್ಯಾರನ್‌ಹೀಟ್‌ನ ಟೆಂಪಿಲಾಕ್ (ನಿಗದಿತ ಶಾಖಕ್ಕೆ ಕರಗುವ ಬಣ್ಣ), ಕುತ್ತಿಗೆಯ ಒಳಗೆ 750 ಡಿಗ್ರಿಯದ್ದು ಹಚ್ಚಿ ಸಮಯ ಹೊಂದಿಸಿ. ಕುತ್ತಿಗೆಯದ್ದು ಕರಗಬೇಕು, ಮೈಯದ್ದು ಕರಗಬಾರದು. ಕುತ್ತಿಗೆ ಕೆಂಡದ ಬಣ್ಣಕ್ಕೆ ಬಂದರೆ ಅತಿಯಾಯಿತು. ತಳಕ್ಕೆ ಶಾಖ ಇಳಿದು ಅದು ಮೆದುವಾಗಿದ್ದರೆ ಆ ಕೇಸ್ ಅಪಾಯಕಾರಿ. ಅದನ್ನು ಸರಿ ಮಾಡುವ ದಾರಿ ನಿಮ್ಮ ಹತ್ತಿರ ಇಲ್ಲ, ಎಸೆಯಿರಿ. ಇಡೀ ಕೇಸನ್ನು ಓವನ್‌ನಲ್ಲಿ ಬಿಸಿ ಮಾಡುವ ಯೋಚನೆಯೂ ಬೇಡ.

## ಹಂತ 8: ತೂಕ, ಬೇಕಾದರೆ ಮಾತ್ರ

ತೂಕ ನೋಡಿ ವಿಂಗಡಿಸುವುದಕ್ಕೆ ಜನ ಕೊಡುವಷ್ಟು ಬೆಲೆ ನಾನು ಕೊಡುವುದಿಲ್ಲ. ಎಕ್ಸ್‌ಟ್ರಾಕ್ಟರ್ ತೋಡು ಚೂರು ಆಳ ಕಡಿದಿದ್ದರೂ ತೂಕ ಬದಲಾಗುತ್ತದೆ, ಒಳಗಿನ ಜಾಗ ಬದಲಾಗುವುದಿಲ್ಲ. ನಿಜಕ್ಕೂ ಬೇಕಾದ್ದು ಒಳಗಿನ ಜಾಗ. ಅದನ್ನು ನೀರು ತುಂಬಿ ತೂಗಿ ಅಳೆಯಬೇಕು. ಗುಂಪಿನಿಂದ ತೀರಾ ದೂರ ನಿಂತ ಒಂದೆರಡು ಕೇಸ್ ಹುಡುಕಲು ಮಾತ್ರ ತಕ್ಕಡಿ ಸಾಕು.

## ಹೊಸ ಬ್ರಾಸ್ ತಂದಾಗ

ಹೊಸದು ಅಂದ ಮಾತ್ರಕ್ಕೆ ನೇರ ಲೋಡ್ ಮಾಡಬೇಡಿ. ಚೀಲದಲ್ಲಿ ಬಂದ ಬ್ರಾಸಿನ ಬಾಯಿ ಚಪ್ಪಟೆಯಾಗಿರುವುದು ಸಾಮಾನ್ಯ. ಎಕ್ಸ್‌ಪ್ಯಾಂಡರ್ ಮ್ಯಾಂಡ್ರೆಲ್ ಹಾಕಿ ದುಂಡು ಮಾಡಿ, ಅಂಚು ಮೆದು ಮಾಡಿ, ಫ್ಲ್ಯಾಶ್ ಹೋಲ್ ಇದೆಯಾ ಅಂತ ಪ್ರತಿಯೊಂದರಲ್ಲೂ ನೋಡಿ. ತೂತೇ ಇಲ್ಲದ ಕೇಸ್ ಅಪರೂಪಕ್ಕೆ ಬರುತ್ತದೆ.

ಮೈಯಲ್ಲಿ ಬಿರುಕು, ಭುಜದಲ್ಲಿ ಮಡಿಕೆ, ಗೇಜ್‌ಗೆ ಸಡಿಲವಾದ ಪಾಕೆಟ್ ಸಿಕ್ಕರೆ ಅಲ್ಲೇ ನಿಲ್ಲಿಸಿ. ಫೋಟೋ ತೆಗೆಯಿರಿ, ಲಾಟ್ ನಂಬರಿನ ಚೀಟಿ ಎತ್ತಿಡಿ, ಉಳಿದದ್ದನ್ನು ಸೈಜ್ ಮಾಡದೆ ಮಾರಿದವರಿಗೆ ಬರೆಯಿರಿ. ಒಮ್ಮೆ ಡೈಗೆ ಹೋದ ಬ್ರಾಸನ್ನು ವಾಪಸ್ ತೆಗೆದುಕೊಳ್ಳುವುದು ಕಷ್ಟ. ದೋಷ ಕಾರ್ಖಾನೆಯದ್ದೋ ನಿಮ್ಮದೋ ಅಂತ ಹೇಳಲು ಆಮೇಲೆ ದಾರಿಯಿಲ್ಲ, ಅಲ್ವಾ?

## ಎಸೆಯುವುದಕ್ಕೂ ಒಂದು ಕ್ರಮ

ಬೇಡವಾದ ಕೇಸಿನ ಬಾಯಿಯನ್ನು ಇಕ್ಕಳದಿಂದ ಆಗಲೇ ಚಪ್ಪಟೆ ಮಾಡಿ. ಬರೀ ಪಕ್ಕದ ಡಬ್ಬಿಗೆ ಹಾಕಿದರೆ ಯಾವತ್ತೋ ಒಂದು ದಿನ ಒಳ್ಳೆಯ ರಾಶಿಗೆ ಬೆರೆಯುತ್ತದೆ. ಉಳಿದವನ್ನು ಗುಂಪುಗುಂಪಾಗಿ ಡಬ್ಬಿಯಲ್ಲಿಟ್ಟು ಹೆಡ್‌ಸ್ಟಾಂಪ್, ಎಷ್ಟು ಸಲ ಹಾರಿಸಿದ್ದು, ಯಾವಾಗ ಅನೀಲ್ ಮಾಡಿದ್ದು ಅಂತ ಚೀಟಿ ಅಂಟಿಸಿ. ಹಳೆ ಹಿತ್ತಾಳೆ ಗುಜರಿಗೆ ಹೋಗುತ್ತದೆ, ಬೆಲೆಯೂ ಬರುತ್ತದೆ. ಆದರೆ ಕೊಡುವ ಮೊದಲು ಸಿಡಿಯದ ಪ್ರೈಮರ್ ಒಂದೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗುಜರಿಯವರು ಅದನ್ನು ಕುಲುಮೆಗೆ ಹಾಕುತ್ತಾರೆ.